ಬಿಟ್ಟುಹೋದ ಸಭಾಧ್ಯಕ್ಷರು

"ಈ ಮನೆಯ ಹೊಸಿಲನ್ನ ಇನ್ನು ಮೇಲೆ ಯಾವ ಮೆಕ್ಯಾನಿಕ್ಕೂ ದಾಟೋ ಹಾಗಿಲ್ಲ. ಅಚ್ಚ ಕನ್ನಡದಲ್ಲಿ ಬರೆದದ್ದನ್ನ ಓದಿ ಒಂದು ಯಂತ್ರವನ್ನ ಹಾಡಿಸೋಕೆ ನನ್ನಿಂದ ಆಗಲಿಲ್ಲ ಅಂದ್ರೆ, ಮೂವತ್ತನಾಲ್ಕು ವರ್ಷ ಕನ್ನಡದ ಹೆಸರಲ್ಲಿ ಉಂಡ ಅನ್ನ ಮೈಗೆ ಹತ್ತಿಲ್ಲ ಅಂತ ತಿಳ್ಕೊ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ನಡುಮನೆಯಲ್ಲಿ, ಒಂದು ಕೈಯಲ್ಲಿ ಕತ್ತರಿ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನಿಘಂಟು ಸಾಹೇಬರು ಈ ಶಪಥ ಮಾಡಿದರು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಅವರ ಹೆಂಡತಿ. ಮನೆಯವರಿಗೂ ಬೀದಿಯವರಿಗೂ ಅವಳು ಅಜ್ಜಿ. ಇನ್ನೊಬ್ಬಳು ಹೊಲಿದ ಬಟ್ಟೆ ಕೊಡಲು ಬಂದಿದ್ದ ಪಕ್ಕದ ಮನೆಯ ಟೈಲರಮ್ಮ. ಟೈಲರಮ್ಮನ ತುಟಿಯಲ್ಲಿ ಎರಡು ಗುಂಡುಸೂಜಿ ಇದ್ದದ್ದರಿಂದ ಅವಳು ಏನೂ ಅನ್ನಲಿಲ್ಲ. ಅಜ್ಜಿ ಗಡಿಯಾರ ನೋಡಿದಳು.

"ನಾಲ್ಕೂವರೆ ಒಳಗೆ ಹಾಡುತ್ತಾ?"

"ನಾಲ್ಕೂವರೆ ಯಾಕೆ ಬೇಕು? ಹನ್ನೊಂದಕ್ಕೇ ಹಾಡುತ್ತೆ. ನೀನು ಊಟಕ್ಕೆ ಬಡಿಸುವಾಗ ಹಿಂದೆ ಸಂಗೀತ ಇರುತ್ತೆ."

ಅಜ್ಜಿ ಸುಮ್ಮನೆ ಕೇಳಿದ್ದಲ್ಲ. ಪ್ರತಿ ಶನಿವಾರ ಸಂಜೆ ನಾಲ್ಕೂವರೆಗೆ ರೇಡಿಯೋದಲ್ಲಿ ಒಂದು ನಾಟಕ ಬರುತ್ತಿತ್ತು. ಅದರಲ್ಲೊಬ್ಬಳು ಅತ್ತೆ. ಅತ್ತೆಯ ಮಂಚದ ಕೆಳಗೆ ಒಂದು ಟ್ರಂಕು, ಟ್ರಂಕಿಗೊಂದು ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಆ ಟ್ರಂಕಿಗೆ ಹೆದರಿ ಮಕ್ಕಳು, ಸೊಸೆಯರು, ಬಂದ ನೆಂಟರು ಎಲ್ಲರೂ ನಲವತ್ತು ವರ್ಷದಿಂದ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಬಂದಿದ್ದರು. ಒಳಗೇನಿದೆ ಅಂತ ಕಂಡವರಿಲ್ಲ. ಹೋದ ವಾರ ಕಿರಿಸೊಸೆ ಕೊನೆಗೂ ಬೀಗದ ಕೈ ಕದ್ದಿದ್ದಳು. ಇವತ್ತು ಇಪ್ಪತ್ತಾರನೆಯ ಕಂತು, ಅದೇ ಕೊನೆಯದು. ಇಪ್ಪತ್ತೈದು ಶನಿವಾರ ಅಜ್ಜಿ ಒಲೆ ಆರಿಸಿ, ಬಾಗಿಲ ಚಿಲಕ ಹಾಕಿ, ರೇಡಿಯೋಗೆ ಕಿವಿ ಕೊಟ್ಟು ಕೂತದ್ದು ಈ ಒಂದು ಗಳಿಗೆಗಾಗಿ. ಸಾಹೇಬರಿಗೆ ನಾಟಕವೆಂದರೆ ತಾತ್ಸಾರ. "ಹೆಂಗಸರ ಹರಟೆ" ಅನ್ನುತ್ತ ಅವರು ಎದುರಿಗೇ ಪೇಪರು ಓದುತ್ತಿದ್ದರು. ಆ ಅರ್ಧ ಗಂಟೆ ಮಾತ್ರ ಪೇಪರಿನ ಹಾಳೆ ತಿರುವಿದ ಸದ್ದು ಕೇಳುತ್ತಿರಲಿಲ್ಲ. ಅದನ್ನು ಅಜ್ಜಿ ಗಮನಿಸಿದ್ದಳು, ಆದರೆ ಆಡಿರಲಿಲ್ಲ.

ಈಗ ಆ ರೇಡಿಯೋ ಮನೆಯಲ್ಲಿರಲಿಲ್ಲ. ನಾಲ್ಕು ದಿನದ ಹಿಂದೆ ಹಡಗಿನಲ್ಲಿ ಅಡುಗೆ ಕೆಲಸ ಮಾಡುವ ಅಳಿಯ ಯಾವುದೋ ಬಂದರಿನಿಂದ ಬೀರುವಿನಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ಕಳಿಸಿದ್ದ. ಒಳಗಿದ್ದದ್ದು ಪರದೇಶದ ಸ್ಟೀರಿಯೋ ಸೆಟ್ಟು. ಹಾಡಿನ ತಟ್ಟೆ ಹಾಕುವ ಯಂತ್ರ, ರೇಡಿಯೋ ಸೇರಿದ ದೊಡ್ಡ ಡಬ್ಬಿ, ಆಳೆತ್ತರಕ್ಕೆ ಒಂದು ಗೇಣು ಕಡಿಮೆಯಿದ್ದ ಎರಡು ಸ್ಪೀಕರು. ಜೊತೆಗೆ ಹನ್ನೊಂದು ಭಾಷೆಯಲ್ಲಿ ಅಚ್ಚಾದ ಒಂದು ಪುಸ್ತಕ. ಹನ್ನೊಂದನೆಯದು ಕನ್ನಡ! ಅದನ್ನು ಕಂಡು ಸಾಹೇಬರ ಕಣ್ಣಲ್ಲಿ ನೀರಾಡಿತು. ಆ ಭಾವಾವೇಶದಲ್ಲೇ ಹಳೆಯ ರೇಡಿಯೋವನ್ನು ಬಗಲಲ್ಲಿಟ್ಟುಕೊಂಡು ಎದುರು ಸಾಲಿನ ರಿಪೇರಿ ಅಂಗಡಿಗೆ ಹೋಗಿ ಕೊಟ್ಟು ಬಂದರು.

"ಇದರ ಕಾಲ ಮುಗೀತು. ಬಿಚ್ಚಿ ಬಿಡಿಭಾಗ ಮಾಡ್ಕೊ."

ರಿಪೇರಿಯವನು ಬೆಸುಗೆಯ ಹೊಗೆಯಿಂದ ತಲೆ ಎತ್ತಿ, "ಸಾಹೇಬ್ರೇ, ಹೊಸ ಸೆಟ್ಟು ನಾನು ಬಂದು ಕೂರಿಸಿ ಕೊಡ್ತೀನಿ. ಹತ್ತು ನಿಮಿಷದ ಕೆಲಸ" ಅಂದ.

"ಹತ್ತು ನಿಮಿಷದ ಕೆಲಸಕ್ಕೆ ನೀನ್ಯಾಕೆ? ಪುಸ್ತಕ ಇದೆ, ನಾನಿದ್ದೀನಿ."

ಸಾಹೇಬರ ಈ ಧೈರ್ಯ ಪುಕ್ಕಟೆ ಬಂದದ್ದಲ್ಲ. ದೊಡ್ಡ ಕಚೇರಿಯೊಂದರ ಅನುವಾದ ವಿಭಾಗದಲ್ಲಿ ಕೂತು ಸುತ್ತೋಲೆಗಳನ್ನು ಕನ್ನಡ ಮಾಡುತ್ತ ಅವರ ಕೂದಲು ಬೆಳ್ಳಗಾಗಿತ್ತು. ಒಮ್ಮೆ ಕಚೇರಿಯ ಲಿಫ್ಟು ಕೆಟ್ಟಾಗ 'ಔಟ್ ಆಫ್ ಆರ್ಡರ್' ಅನ್ನುವ ಮಾತನ್ನು 'ಈ ಉತ್ಥಾಪಕವು ಆಜ್ಞೆಯಿಂದ ಹೊರಗಿದೆ' ಎಂದು ಬರೆದು ಬಾಗಿಲಿಗೆ ಅಂಟಿಸಿದವರು ಅವರೇ. ಓದಿದ ಜನ ಆಜ್ಞೆ ಬರಲೆಂದು ಮಧ್ಯಾಹ್ನದವರೆಗೆ ಸಾಲು ನಿಂತಿದ್ದರಂತೆ. ಸಾಲು ನಿಂತದ್ದನ್ನು ಸಾಹೇಬರು ತಮ್ಮ ಭಾಷೆಗೆ ಸಂದ ಗೌರವವೆಂದೇ ಇಂದಿಗೂ ಹೇಳುತ್ತಾರೆ. ನಿವೃತ್ತಿಯ ಮೇಲೂ ಕೈ ಸುಮ್ಮನಿರಲಿಲ್ಲ. ದೂರದ ಒಂದು ಕಂಪನಿಯವರು ಎಲ್ಲಿಯದು, ಯಾವುದಕ್ಕೆ ಅಂತ ಹೇಳದೆ ಅಂಚೆಯಲ್ಲಿ ಚೂರುಪಾರು ಇಂಗ್ಲಿಷು ಕಳಿಸುತ್ತಿದ್ದರು, ಇವರು ಊಟದ ಮೇಜಿನ ಮೇಲೆ ಕೂತು ಅದನ್ನು ಕನ್ನಡ ಮಾಡಿ ತಿರುಗಿ ಕಳಿಸುತ್ತಿದ್ದರು. ಬೀದಿಯವರು 'ನಿಘಂಟು' ಎಂದು ಹೆಸರಿಟ್ಟದ್ದು ಅವರ ಮಾತಿನ ಭಾರಕ್ಕೋ, ನಡುಮನೆಯ ಕಪಾಟಿನ ಮೇಲಿದ್ದ ಹನ್ನೆರಡು ಸಂಪುಟಗಳ ನಿಘಂಟಿನ ಭಾರಕ್ಕೋ ಹೇಳುವುದು ಕಷ್ಟ. ಎರಡನ್ನೂ ಎತ್ತುವುದು ಒಬ್ಬರಿಂದ ಆಗುವ ಮಾತಲ್ಲ.

ಅಜ್ಜಿ ಓದಿದ್ದು ಮೂರನೇ ಕ್ಲಾಸು. ಮಿಕ್ಕಿದ್ದೆಲ್ಲ ಕೇಳಿ ಕಲಿತದ್ದು.

ಸಾಹೇಬರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಪುಸ್ತಕದ ಮೊದಲ ಸಾಲು ಓದಿದರು.

"'ಅಭಿನಂದನೆ. ಇಂದಿನಿಂದ ನೀವು ಉನ್ನತ ಪಾತಿವ್ರತ್ಯವನ್ನು ಹೊಂದಿರುತ್ತೀರಿ.'"

ಟೈಲರಮ್ಮನ ಬಾಯಿಂದ ಒಂದು ಗುಂಡುಸೂಜಿ ಕೆಳಗೆ ಬಿತ್ತು.

"ಇಂದಿನಿಂದ ಅಂದ್ರೇನು?" ಅಂದಳು ಅಜ್ಜಿ. "ಐವತ್ತು ವರ್ಷದಿಂದ ಇದ್ದದ್ದು ಲೆಕ್ಕಕ್ಕಿಲ್ವಾ?"

"ಯಂತ್ರದ ಪಾತಿವ್ರತ್ಯ ಕಣೇ. ಮೂಲದ ಸ್ವರಕ್ಕೆ ನಿಷ್ಠೆಯಾಗಿರುತ್ತೆ ಅಂತ ಭಾವ. ಆಹಾ, ಎಂಥಾ ಪದ ಹಿಡಿದಿದ್ದಾನೆ ನೋಡು. ಬರೆದೋನು ಸಾಮಾನ್ಯ ಅಲ್ಲ, ಪಂಡಿತ."

ಅಜ್ಜಿಗೆ ಆ ಮಾತು ಹಿಂದೆ ಎಲ್ಲೋ ಕಿವಿಗೆ ಬಿದ್ದ ಹಾಗನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

"'ಪೆಟ್ಟಿಗೆಯಿಂದ ಇಬ್ಬರು ಸಭಾಧ್ಯಕ್ಷರನ್ನೂ ನೆಟ್ಟಗೆ ಎತ್ತಿ ಹೊರಗಿಡಿ. ಅವರ ಮುಖಕ್ಕೆ ಬೆರಳು ಹಾಕಬೇಡಿ.'"

"ಯಾರ ಮುಖಕ್ಕೆ?"

"ಸ್ಪೀಕರು ಅಂದ್ರೆ ಸಭಾಧ್ಯಕ್ಷರು. ಶಾಸನಸಭೆ ನಡೆಸೋರು ಯಾರು? ಸ್ಪೀಕರು. ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಸ್ಪೀಕರು ಗೀಕರು ಅನ್ನಬೇಡಿ. ಏಳಿ, ಒಂದು ಕೈ ಹಾಕಿ."

ಮೂವರೂ ಸೇರಿ ಸಭಾಧ್ಯಕ್ಷರನ್ನು ಎತ್ತಿ ಇಳಿಸಿದರು. ಇಬ್ಬರೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಮೌನ. ಸಾಹೇಬರು ಮುಂದಿನ ಸಾಲಿಗೆ ಬಂದು ತಡವರಿಸಿದರು.

"'ಸರಿಯಾದ ಸಭಾಧ್ಯಕ್ಷರನ್ನು ಒಂದು ಬದಿಗೆ ಕೂರಿಸಿ. ಬಿಟ್ಟುಹೋದ ಸಭಾಧ್ಯಕ್ಷರನ್ನು ಇನ್ನೊಂದು ಬದಿಗೆ ಕೂರಿಸಿ.'"

"ಬಿಟ್ಟುಹೋದವರನ್ನ ಕೂರಿಸೋದು ಹೇಗೆ?" ಅಂದಳು ಟೈಲರಮ್ಮ. "ನಮ್ಮ ಯಜಮಾನರು ಬಿಟ್ಟುಹೋಗಿ ಹತ್ತು ವರ್ಷ ಆಯ್ತು. ಕೂರಿಸೋ ಉಪಾಯ ಇದ್ರೆ ನನಗೂ ಹೇಳಿ."

ಸಾಹೇಬರು ಹಿಂದೆ ಕೈ ಕಟ್ಟಿ ನಡುಮನೆಯಲ್ಲಿ ನಾಲ್ಕು ಸಲ ಅಡ್ಡಾಡಿದರು. ಐದನೇ ಸಲ ನಿಂತರು.

"ಗೊತ್ತಾಯ್ತು. ಬಿಟ್ಟುಹೋದವರು ಅಂದ್ರೆ ಮನೆ ಬಿಟ್ಟವರು. ಮನೆ ಬಿಟ್ಟವರ ಜಾಗ ಯಾವುದು? ಹೊರಗೆ. ಒಬ್ಬರು ಒಳಗೆ, ಒಬ್ಬರು ಜಗಲಿ ಮೇಲೆ. ಒಳಗೆ ಕೇಳೋರಿಗೆ ಒಳಗೆ, ಹೊರಗೆ ಕೇಳೋರಿಗೆ ಹೊರಗೆ. ಎಷ್ಟು ಮುಂದಾಲೋಚನೆ!"

ಇಬ್ಬರಲ್ಲಿ ಬಿಟ್ಟುಹೋದವರು ಯಾರೆಂದು ತೀರ್ಮಾನಿಸಲು ಹದಿನೈದು ನಿಮಿಷ ಹಿಡಿಯಿತು. ಕೊನೆಗೆ ಬಾಗಿಲಿಗೆ ಹತ್ತಿರವಿದ್ದವರೇ ಹೋಗಲು ಹೊರಟವರು ಎಂದಾಯಿತು. ಅವರನ್ನು ಜಗಲಿಗೆ ಹೊತ್ತು, ಬೀದಿಗೆ ಮುಖ ಮಾಡಿ ಕೂರಿಸಿ, ಕಿಟಕಿಯ ಸಂದಿಯಿಂದ ತಂತಿ ಒಳಗೆಳೆದರು. ಪೇಪರಿನವನು ಸೈಕಲ್ಲಿನಲ್ಲಿ ಹೋಗುತ್ತ ಯಾರೋ ದೊಡ್ಡವರು ಕೂತಿದ್ದಾರೆಂದು ತಿಳಿದು ಆ ಕಡೆಗೊಂದು ನಮಸ್ಕಾರ ಹಾಕಿದ.

"'ಯಂತ್ರವು ಚೆನ್ನಾಗಿ ಅರೆಯಲ್ಪಟ್ಟಿದೆ ಎಂದು ಖಚಿತಪಡಿಸಿಕೊಳ್ಳಿ.'"

"ನುಣ್ಣಗೋ, ತರಿತರಿಯಾಗೋ?" ಅಜ್ಜಿ ಕೇಳಿದಳು.

ಸಾಹೇಬರು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದರು. ಪಂಡಿತನ ಮೇಲಿನ ಭಕ್ತಿಗೆ ಬಿದ್ದ ಮೊದಲ ಗೀರು ಅದು.

"'ಈಗ ಮೇಜನ್ನು ತಿರುಗಿಸಿ. ಮೇಜು ನಿಮಿಷಕ್ಕೆ ಮೂವತ್ತಮೂರು ಸುತ್ತು ಹಾಗೂ ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗತಕ್ಕದ್ದು.'"

ಮೂವರ ಕಣ್ಣೂ ಊಟದ ಮೇಜಿನ ಮೇಲೆ ಹೋಯಿತು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಇದ್ದ, ನಾಲ್ಕು ಕಾಲಿನ ಗಟ್ಟಿ ಮರದ ಮೇಜು.

"ಈ ಹಾಡಿನ ತಟ್ಟೆ ಹಾಕೋ ಯಂತ್ರ ಇದೆಯಲ್ಲ," ಅಜ್ಜಿ ಮೆಲ್ಲಗೆ ಅಂದಳು, "ಅದು ತಿರುಗಬೇಕೋ ಏನೋ."

"ತಟ್ಟೆ ಅಂತ ಬರೆದಿದೆಯಾ? ಯಂತ್ರ ಅಂತ ಬರೆದಿದೆಯಾ? ಮೇಜು ಅಂತ ಬರೆದಿದೆ. ಬರೆದದ್ದನ್ನ ಬಿಟ್ಟು ಒಂದಕ್ಷರ ಆಚೀಚೆ ಹೋಗೋದು ನನ್ನ ಜಾಯಮಾನದಲ್ಲೇ ಇಲ್ಲ."

ಸಾಹೇಬರು ಒಂದು ತುದಿ ಹಿಡಿದರು, ಟೈಲರಮ್ಮ ಇನ್ನೊಂದು ತುದಿ. ಅಜ್ಜಿಯ ಕೆಲಸ ಗಡಿಯಾರ ನೋಡುವುದು. ಮೊದಲ ಸುತ್ತಿಗೆ ಅರ್ಧ ನಿಮಿಷ ಹಿಡಿಯಿತು. ಸಾಹೇಬರು "ವೇಗ ಸಾಲದು" ಎಂದು ಓಡತೊಡಗಿದರು. ಟೈಲರಮ್ಮನೂ ಓಡಿದಳು, ಓಡದಿದ್ದರೆ ಮೇಜು ಅವಳ ಮೇಲೆ ಓಡುತ್ತಿತ್ತು. ಎರಡನೇ ಸುತ್ತಿಗೆ ಕುರ್ಚಿ ಮಗುಚಿತು, ಮೂರನೇ ಸುತ್ತಿಗೆ ಗೋಡೆಯ ಕ್ಯಾಲೆಂಡರು ಹಾರಿತು.

"ಆ ಮೂರನೇ ಒಂದು ಭಾಗ ಅಳೆಯೋದು ಯಾರು, ಸಾಹೇಬ್ರೇ?" ಟೈಲರಮ್ಮ ಏದುಸಿರಿನಲ್ಲಿ ಕೇಳಿದಳು. "ನನ್ನ ಟೇಪು ಮನೇಲೇ ಇದೆ."

ನಾಲ್ಕನೇ ಸುತ್ತಿಗೆ ಮೇಜೇ ಉತ್ತರ ಕೊಟ್ಟಿತು. 'ಲಟ್' ಎಂದು ಒಂದು ಕಾಲು ಮುರಿದು, ಸಾಹೇಬರು ಮೇಜಿನ ಮೇಲೆ ಅಡ್ಡಬಿದ್ದು, ಹಾಗೇ ಜಾರಿ ನೆಲಕ್ಕೆ ಬಂದರು.

ಬಿದ್ದಲ್ಲಿಂದಲೇ ಅವರು ಕೇಳಿದರು: "ಎಷ್ಟಾಯ್ತು?"

"ಮೂರು ಮುಕ್ಕಾಲು," ಅಂದಳು ಅಜ್ಜಿ. "ಇನ್ನು ಇಪ್ಪತ್ತೊಂಬತ್ತೂವರೆ ಉಳಿದಿದೆ. ಇವತ್ತೇ ಮುಗಿಸ್ತೀರೋ, ಊಟ ಮಾಡ್ತೀರೋ?"

ಊಟ ನೆಲದ ಮೇಲೆ ನಡೆಯಿತು. ಸಂಗೀತ ಇರಲಿಲ್ಲ. ಗಂಟೆ ಎರಡಾಗಿತ್ತು. "ಬರೆದೋನು ಪಂಡಿತನೇ," ಸಾಹೇಬರು ಮೊಣಕೈ ಉಜ್ಜಿಕೊಳ್ಳುತ್ತ ಅಂದರು, "ಆದ್ರೆ ಮನೆ ಸಣ್ಣದಿರಬಹುದು ಅನ್ನೋ ಅಂದಾಜು ಅವನಿಗಿಲ್ಲ."

ಊಟವಾದ ಮೇಲೆ ತಂತಿ ಸಿಕ್ಕಿಸುವ ಪುಟ ಬಂತು. ಸಾಹೇಬರು ಎರಡು ಸಾಲು ಮನಸ್ಸಿನಲ್ಲೇ ಓದಿಕೊಂಡು ಕೆಂಪಗಾದರು. "ಇದರಲ್ಲಿ ಗಂಡು ಹೆಣ್ಣಿನ ವಿಷಯ ಬರುತ್ತೆ. ನೀವಿಬ್ಬರೂ ಸ್ವಲ್ಪ ಅಡುಗೆಮನೆಗೆ ಹೋಗಿ" ಅಂದರು. ಹೆಂಗಸರು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಾಗ, ಈ ಕಡೆ ಸಾಹೇಬರು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಗಂಡು ಪಿನ್ನುಗಳನ್ನು ಹೆಣ್ಣು ಸಾಕೆಟ್ಟುಗಳಿಗೆ ಸೇರಿಸಿ ಎಲ್ಲ ತಂತಿಗಳನ್ನೂ ಒಂದು ದಾರಿಗೆ ಹಚ್ಚಿದರು. ಆಶ್ಚರ್ಯವೆಂದರೆ ಆ ದಿನ ಸರಿಯಾಗಿ ಆದದ್ದು ಅದೊಂದೇ.

"'ಬರಿಗೈಯಲ್ಲಿ ಸೂಜಿ ಮುಟ್ಟಬೇಡಿ,'" ಎಂದು ಓದಿ ಸಾಹೇಬರು ಟೈಲರಮ್ಮನನ್ನು ನೋಡಿದರು.

"ಹಂಗಾದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ," ಅಂದಳು ಅವಳು.

"'ಬಳಸಿದ ನಂತರ ಯಂತ್ರವನ್ನು ದೂಳಿನಿಂದ ಮುಚ್ಚಿ.'"

"ಅದಕ್ಕೆ ಪುಸ್ತಕ ಬೇಕಾ? ತಾನಾಗೇ ಆಗುತ್ತೆ," ಅಂದಳು ಅಜ್ಜಿ. ಅಂದವಳೇ ಹಳೆಯ ರೇಡಿಯೋದಲ್ಲಿ ನಾಟಕ ಬರುತ್ತಿದ್ದ ಅಂಕಿಗೇ ಮುಳ್ಳು ತಿರುಗಿಸಿಟ್ಟು, ಒದ್ದೆ ಬಟ್ಟೆ ತಂದು ಡಬ್ಬಿಯ ಮೈಯನ್ನು ಚೆನ್ನಾಗಿ ಒರೆಸಿದಳು. ಒರೆಸುವಾಗ ನಡುವಿನ ದೊಡ್ಡ ಗುಂಡಿ ಬಟ್ಟೆಗೆ ಸಿಕ್ಕಿ ಪೂರ್ತಿ ಬಲಕ್ಕೆ ತಿರುಗಿ ಕೂತಿತು. ಅದನ್ನು ಯಾರೂ ಗಮನಿಸಲಿಲ್ಲ.

ಗಂಟೆ ಮೂರೂವರೆ. ಅಜ್ಜಿ ಎರಡು ನಿಮಿಷಕ್ಕೊಮ್ಮೆ ಗಡಿಯಾರದ ಕಡೆ ನೋಡತೊಡಗಿದ್ದಳು. ಟೈಲರಮ್ಮನೂ ಅದೇ ನಾಟಕದ ಹುಚ್ಚಿನವಳು; ಅವಳ ಮನೆಯಲ್ಲಿ ರೇಡಿಯೋ ಇಲ್ಲದ್ದರಿಂದ ಇಪ್ಪತ್ತೈದು ವಾರವೂ ಇಲ್ಲೇ ಕೂತು ಕಾಜ ಹೊಲಿಯುತ್ತ ಕೇಳಿದವಳು.

"'ಅಧಿಕಾರ ನೀಡುವ ಮುನ್ನ ಸಂಪುಟವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ. ಅಧಿಕಾರ ಬಂದ ಮೇಲೆ ಸಂಪುಟವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋಗಿ.'"

"ಯಾವ ಸರ್ಕಾರದಲ್ಲೂ ಹಿಂಗೇ ಅಲ್ವಾ," ಅಂದಳು ಟೈಲರಮ್ಮ. "ಬರೋ ಮುಂಚೆ ಸಣ್ಣ ಸಂಪುಟ ಅಂತಾರೆ, ಬಂದ ಮೇಲೆ ಏರಿಸ್ತಾ ಹೋಗ್ತಾರೆ."

"ಮಂತ್ರಿಗಳ ಸಂಪುಟ ಅಲ್ಲ. ಮನೆಯಲ್ಲಿ ಇರೋ ಸಂಪುಟ ಯಾವುದು?" ಸಾಹೇಬರ ಕಣ್ಣು ಕಪಾಟಿನ ತುದಿಗೆ ಏರಿತು. ಅಲ್ಲಿ ಹನ್ನೆರಡು ಸಂಪುಟಗಳೂ ಒಂದರ ಭುಜಕ್ಕೆ ಒಂದು ತಾಗಿಕೊಂಡು ನಿಂತಿದ್ದವು. "ಭಾರ ಮೇಲಿದ್ರೆ ಕಪಾಟು ಅದುರುತ್ತೆ. ಅದುರಿದ್ರೆ ಸ್ವರ ಒಡೆಯುತ್ತೆ. ಅದಕ್ಕೇ ಇಳಿಸು ಅಂದಿದ್ದಾನೆ. ಸೂಕ್ಷ್ಮ ಕಣೇ, ಬಹಳ ಸೂಕ್ಷ್ಮ."

ಸ್ಟೂಲು ಬಂತು. ಸಾಹೇಬರು ಹತ್ತಿ ಒಂದೊಂದೇ ಸಂಪುಟ ಇಳಿಸಿದರು, ಟೈಲರಮ್ಮ ಹಿಡಿದು ಅಜ್ಜಿಗೆ ಕೊಟ್ಟಳು, ಅಜ್ಜಿ ನೆಲಕ್ಕೆ ಇಟ್ಟಳು. ಐವತ್ತು ವರ್ಷದಲ್ಲಿ ಆ ಪುಸ್ತಕಗಳನ್ನು ಅಜ್ಜಿ ಒರೆಸಿದ್ದುಂಟು, ಹೊತ್ತದ್ದು ಇದೇ ಮೊದಲು. ಅವುಗಳಲ್ಲಿ ನಾಲ್ಕನ್ನು ಅವಳು ಮುರಿದ ಮೇಜಿನ ಕಾಲಿನ ಜಾಗಕ್ಕೆ ಪೇರಿಸಿದಳು. ಮೇಜು ನೆಟ್ಟಗಾಯಿತು. ಸಂಪುಟಕ್ಕೆ ಒಂದು ಖಾತೆ ಸಿಕ್ಕಿತು.

ನಾಲ್ಕು ಗಂಟೆ ಇಪ್ಪತ್ತು ನಿಮಿಷ.

"ಇನ್ನೊಂದೇ ಸಾಲು. 'ಮನೆಯ ಒತ್ತಡ ಎಷ್ಟಿದೆಯೆಂದು ತಿಳಿದು, ಹಿಂಬದಿಯ ಸ್ವಿಚ್ಚನ್ನು ಹೆಚ್ಚು ಅಥವಾ ಕಡಿಮೆಗೆ ಹೊಂದಿಸಿ.'" ಸಾಹೇಬರು ಪುಸ್ತಕ ಇಳಿಸಿ ಹೆಂಡತಿಯನ್ನು ಗಂಭೀರವಾಗಿ ನೋಡಿದರು. "ನಿಜ ಹೇಳು. ನಿನಗೆ ಒತ್ತಡ ಎಷ್ಟಿದೆ?"

ಅಜ್ಜಿ ಒಂದು ಗಳಿಗೆ ಯೋಚಿಸಿದಳು. ಬೆಳಿಗ್ಗೆಯಿಂದ ಕಾಲಿಲ್ಲದ ಮೇಜು, ನೆಲದ ಊಟ, ಬೆನ್ನುನೋವು, ಹತ್ತು ನಿಮಿಷದಲ್ಲಿ ನಾಟಕ. ಇದ್ದದ್ದು ಇದ್ದ ಹಾಗೆ ಹೇಳಿದರೆ ಇವರು ಕೂತು ಕಾರಣ ಕೇಳುತ್ತಾರೆ. ಕಾರಣ ಹೇಳಿ ಮುಗಿಯುವಷ್ಟರಲ್ಲಿ ನಾಟಕ ಮುಗಿದಿರುತ್ತದೆ.

"ಏನಿಲ್ಲ," ಅಂದಳು. "ಕಡಿಮೆ."

ಐವತ್ತು ವರ್ಷ ಸಂಸಾರ ಕಾಪಾಡಿದ್ದ ಸುಳ್ಳು ಅದು. ಸಾಹೇಬರು ಹಿಂದಿನ ಸ್ವಿಚ್ಚನ್ನು ಕಡಿಮೆಗೆ ತಳ್ಳಿದರು. ಆಮೇಲೆ ಒಂದನೇ ಸಂಪುಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ಟೂಲು ಹತ್ತಿ ನಿಂತರು, ಅಧಿಕಾರ ಬಂದ ಕೂಡಲೇ ಮೆಲ್ಲಗೆ ಏರಿಸಲು.

"ನಾಲ್ಕೂವರೆ. ಹೂಂ, ಅಧಿಕಾರ ಕೊಡು."

"ನಾನಾ?"

"ನೀನೇ. ನನ್ನ ಕೈ ಖಾಲಿ ಇಲ್ಲ."

"ಮದುವೆಯಾದಾಗಿನಿಂದ ಮೊದಲನೇ ಸಲ," ಅನ್ನುತ್ತ ಅಜ್ಜಿ ಗೋಡೆಯ ಸ್ವಿಚ್ಚು ಒತ್ತಿದಳು.

ಡಬ್ಬಿಯ ಮೇಲೆ ಒಂದು ಹಸಿರು ದೀಪ ಕಣ್ಣು ಬಿಟ್ಟಿತು. ಮರುಗಳಿಗೆ ನಡುಮನೆಯ ಸರಿಯಾದ ಸಭಾಧ್ಯಕ್ಷರೂ ಜಗಲಿಯ ಬಿಟ್ಟುಹೋದ ಸಭಾಧ್ಯಕ್ಷರೂ ಒಟ್ಟಿಗೆ ಬಾಯಿ ತೆರೆದರು.

"ಯಾರೇ ಅದು ನನ್ನ ಟ್ರಂಕು ಮುಟ್ಟಿದ್ದು!"

ಕಿಟಕಿಯ ಗಾಜು ಝಲ್ಲೆಂದಿತು. ಸಾಹೇಬರ ಕೈಯಿಂದ ಒಂದನೇ ಸಂಪುಟ ಜಾರಿ ಅವರ ಕಾಲಿನ ಮೇಲೇ ಬಿತ್ತು. 'ಅ'ದಿಂದ ಶುರುವಾಗುವ ಸಂಪುಟ, ಸಾಹೇಬರ ಬಾಯಲ್ಲೂ ಅದೇ ಅಕ್ಷರ ಬಂತು. ಬೀದಿಯಲ್ಲಿ ಬಸ್ಸಿಳಿದು ತಲೆಯ ಮೇಲೆ ಟ್ರಂಕು ಹೊತ್ತು ತನ್ನ ಪಾಡಿಗೆ ಹೋಗುತ್ತಿದ್ದ ಒಬ್ಬ ಬಡಪಾಯಿ ಟ್ರಂಕನ್ನು ಧೊಪ್ಪೆಂದು ಕೆಳಗೆ ಹಾಕಿ, ಎರಡೂ ಕೈ ಮೇಲೆತ್ತಿ, "ನಂದೇ ಅಮ್ಮಾ, ನನ್ನ ಸ್ವಂತದ್ದು" ಎಂದು ಜಗಲಿಯ ಕಡೆ ಮುಖ ಮಾಡಿ ನಿಂತ. ಸಾಲುಮನೆಗಳ ಕಿಟಕಿಗಳೆಲ್ಲ ತೆರೆದವು.

"ಮುಟ್ಟಿದ್ದು ನಾನೇ ಅತ್ತೆ," ಕಿರಿಸೊಸೆಯ ದನಿ ಬೀದಿಯ ಆ ತುದಿಯವರೆಗೂ ಮೊಳಗಿತು. "ಇವತ್ತು ತೆಗೆದೇ ತೆಗೀತೀನಿ. ಎಲ್ಲರೂ ನೋಡಿ, ಇದರಲ್ಲಿ ಇರೋದು..."

'ಫಟ್.'

ಹಸಿರು ಕಣ್ಣು ಮುಚ್ಚಿತು. ಡಬ್ಬಿಯ ಹಿಂದಿನಿಂದ ನೂಲಿನಷ್ಟು ಹೊಗೆ ಎದ್ದಿತು. ಫ್ಯಾನು ನಿಂತಿತು. ಮನೆಯ ಫ್ಯೂಸೂ ಹೋಗಿತ್ತು.

ಹೊರಗಿನಿಂದ ಟ್ರಂಕಿನವನು, "ನಾನು ಹೋಗಬಹುದಾ?" ಎಂದು ಕೇಳಿದ್ದು ಮಾತ್ರ ಕೇಳಿಸಿತು.

ಅಜ್ಜಿ ಗಂಡನನ್ನು ಬೈಯಲಿಲ್ಲ. ಅವಳು ಕೈ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿದಳು, ಜಗಲಿಯಲ್ಲಿದ್ದ ಸಭಾಧ್ಯಕ್ಷರ ಪಕ್ಕದಿಂದ ಇಳಿದು ಬೀದಿ ದಾಟಿದಳು. ಹಿಂದೆಯೇ ಟೈಲರಮ್ಮ ಓಡಿದಳು. ಅಜ್ಜಿ ಅಷ್ಟು ಬೇಗ ನಡೆದದ್ದನ್ನು ಆ ಬೀದಿ ನೋಡಿರಲಿಲ್ಲ.

ರಿಪೇರಿ ಅಂಗಡಿಯ ಮುಂದೆ ಎರಡು ಸ್ಟೂಲು ಹಾಕಿತ್ತು. ಬಲ್ಬು, ತಂತಿ, ಬಿಚ್ಚಿದ ಫ್ಯಾನುಗಳ ನಡುವೆ ಅಜ್ಜಿಯ ಹಳೆಯ ರೇಡಿಯೋ, ದಾರ ಸುತ್ತಿದ ಗುಂಡಿಯೊಂದಿಗೆ, ಹಾಡುತ್ತ ಕೂತಿತ್ತು.

"ಬಿಚ್ಚಲಿಲ್ವೇನಪ್ಪ?"

"ಶನಿವಾರ ಕಳೀಲಿ ಅಂತ ಬಿಟ್ಟಿದ್ದೆ," ಅಂದ ರಿಪೇರಿಯವನು. "ಕೂತ್ಕೊಳ್ಳಿ ಅಜ್ಜಿ. ಟ್ರಂಕು ತೆಗೆಯೋದು ಬಿಟ್ಟು ಇಬ್ಬರೂ ಇನ್ನೂ ಬೀಗದ ಕೈ ಎಳೆದಾಡ್ತಾ ಇದ್ದಾರೆ. ನೀವೇನೂ ತಪ್ಪಿಸ್ಕೊಂಡಿಲ್ಲ."

ಅಜ್ಜಿ ಕೂತು ಕೇಳಿದಳು. ಟ್ರಂಕು ತೆರೆಯಿತು. ನಾಟಕ ಮುಗಿಯಿತು. ಟೈಲರಮ್ಮ ಮೂಗು ಒರೆಸಿಕೊಂಡಳು. ರಿಪೇರಿಯವನು ರೇಡಿಯೋ ಆರಿಸಿ, "ಈಗ ಹೇಳಿ, ಸಾಹೇಬರು ಅಲ್ಲಿ ಏನು ಮಾಡಿದ್ರು? ಬೆಳಿಗ್ಗೆಯಿಂದ ಸದ್ದು ಕೇಳ್ತಾ ಇದೀನಿ" ಅಂದ.

ಒಮ್ಮೆ ಕಿವಿಗೆ ಬಿದ್ದದ್ದನ್ನು ಅಜ್ಜಿ ಮರೆತವಳಲ್ಲ. ಒಂದೊಂದು ಸಾಲನ್ನೂ ಬಾಯಿಪಾಠ ಒಪ್ಪಿಸಿದಳು. ರಿಪೇರಿಯವನು ಒಂದೊಂದನ್ನೂ ಬಿಡಿಸಿದ. ಪಾತಿವ್ರತ್ಯ ಅಂದರೆ ಹೈ ಫಿಡೆಲಿಟಿ, ಸದ್ದು ಮೂಲದ ಹಾಗೇ ಬರುವುದು. ಅಧಿಕಾರ ಅಂದರೆ ಪವರು, ಕರೆಂಟು. ಸಂಪುಟ ಅಂದರೆ ವಾಲ್ಯೂಮು, ಸದ್ದಿನ ಗುಂಡಿ. ಅರೆಯುವುದು ಅಂದರೆ ಗ್ರೌಂಡು, ನೆಲಕ್ಕೆ ತಂತಿ ಕೊಡುವುದು. ಒತ್ತಡ ಅಂದರೆ ಕರೆಂಟಿನ ವೋಲ್ಟೇಜು; ಅದನ್ನು ಕಡಿಮೆಗೆ ಇಟ್ಟದ್ದಕ್ಕೇ ಸೆಟ್ಟು ಸುಟ್ಟದ್ದು. ಮೇಜು ತಿರುಗಿಸುವುದು ಅಂದರೆ ಟರ್ನ್‌ಟೇಬಲ್ಲು, ಆ ಹಾಡಿನ ತಟ್ಟೆಯ ಯಂತ್ರವೇ. ಹೇಳುತ್ತ ಹೇಳುತ್ತ ನಕ್ಕು ಅವನಿಗೆ ಕೆಮ್ಮು ಹತ್ತಿತು.

"ಅದಿರಲಿ, ಎಡಗಡೆ ಸ್ಪೀಕರನ್ನ ಜಗಲಿ ಮೇಲೆ ಯಾಕೆ ಕೂರಿಸಿದ್ರಿ?"

"ಎಡಗಡೆಯದಾ ಅದು?" ಅನ್ನುತ್ತ ಅಜ್ಜಿ ಸ್ಟೂಲಿನಿಂದ ಎದ್ದು ನಿಂತಳು. ಬೆಳಿಗ್ಗೆಯಿಂದ ಕಿವಿಯ ತುದಿಯಲ್ಲಿ ಗುಂಯ್‌ಗುಡುತ್ತಿದ್ದದ್ದು ಈಗ ಒಳಗೆ ಬಂದು ಕೂತಿತು. ಅವಳು ಮನೆಯ ಕಡೆ ಹೊರಟಳು.

ಸಾಹೇಬರು ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಸಂಪುಟಗಳ ಕಾಲಿನ ಮೇಜಿನ ಮುಂದೆ ಕೂತು ಸ್ಟೀರಿಯೋ ಕಂಪನಿಗೆ ಪತ್ರ ಬರೆಯುತ್ತಿದ್ದರು. ಬೆಳಗಿನ ಪಂಡಿತ ಈಗ ಮನುಷ್ಯನಾಗಿಯೂ ಉಳಿದಿರಲಿಲ್ಲ.

"ಕೇಳು. 'ತಮ್ಮ ಪುಸ್ತಕವನ್ನು ಕನ್ನಡಕ್ಕೆ ತಂದ ಮುಠ್ಠಾಳನು ಯಾರೋ ತಿಳಿಯದು. ಆತನಿಗೆ ಯಂತ್ರದ ಜ್ಞಾನವಿಲ್ಲ, ಭಾಷೆಯ ಜ್ಞಾನವಂತೂ ಇಲ್ಲವೇ ಇಲ್ಲ. ಇಂಥವನ ಕೈಗೆ ಲೇಖನಿ ಕೊಟ್ಟವರನ್ನು...' ಕೊಟ್ಟವರನ್ನು ಏನು ಮಾಡಬೇಕು ಅಂತ ಯೋಚಿಸ್ತಾ ಇದೀನಿ."

"ಬರೆಯೋದು ಸ್ವಲ್ಪ ನಿಲ್ಲಿಸ್ತೀರಾ?" ಅಜ್ಜಿ ಎದುರಿಗೆ ಕೂತಳು. "ಎರಡು ವರ್ಷದ ಹಿಂದೆ ಒಂದು ದಿನ. ನೀವು ಇದೇ ಮೇಜಿನ ಮೇಲೆ ಅಂಚೆಯಲ್ಲಿ ಬಂದ ಚೂರುಗಳನ್ನ ಕನ್ನಡ ಮಾಡ್ತಾ ಇದ್ರಿ. ನಾನು ಇಲ್ಲೇ ಹುರುಳಿಕಾಯಿ ನಾರು ತೆಗೀತಾ ಇದ್ದೆ. ನೀವು ಕೇಳಿದ್ರಿ, 'ಲೆಫ್ಟು ಅಂದ್ರೆ ಬಿಟ್ಟುಹೋದ, ಅಲ್ವೇನೇ?' ಅಂತ."

ಸಾಹೇಬರ ಪೆನ್ನು ನಿಂತಿತು.

"ನಾನಂದೆ, 'ಇಸ್ಕೂಲಲ್ಲಿ ಕವಾಯತು ಮಾಡಿಸುವಾಗ ಲೆಫ್ಟು ರೈಟು ಅಂತಿದ್ರು. ಲೆಫ್ಟು ಅಂದ್ರೆ ಎಡಗಾಲು.' ನೀವಂದ್ರಿ, 'ಮೂರನೇ ಕ್ಲಾಸಿನವಳು ನೀನು, ಸುಮ್ನಿರು.' ನಾನು ಸುಮ್ನಾದೆ."

ಸಾಹೇಬರು ಮೆಲ್ಲಗೆ ಪುಸ್ತಕ ಎತ್ತಿ ಕೊನೆಯ ಪುಟ ತೆರೆದರು. ಕನ್ನಡ ಭಾಗದ ತುದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ 'ಅನುವಾದಕ ಸಂಖ್ಯೆ ೪೭' ಎಂದಿತ್ತು. ಅವರು ಮೇಜಿನ ಸೆಳೆಖಾನೆ ಎಳೆದರು. ಅನುವಾದಕ್ಕೆ ಚೂರು ಕಳಿಸುತ್ತಿದ್ದ ಆ ದೂರದ ಕಂಪನಿಯಿಂದ ಅವರಿಗೆ ಬಂದ ಲಕೋಟೆಗಳ ಕಟ್ಟು ಅಲ್ಲಿತ್ತು. ಪ್ರತಿ ಲಕೋಟೆಯ ಮೂಲೆಯಲ್ಲೂ ಒಂದೇ ಸಂಖ್ಯೆ, ಅಜ್ಜಿಗೂ ಓದಲು ಬರುವಷ್ಟು ದಪ್ಪಗೆ. ಅವರು ಲಕೋಟೆ ನೋಡಿದರು, ಪುಸ್ತಕ ನೋಡಿದರು, ತಾವೇ ಬರೆದ 'ಮುಠ್ಠಾಳ' ಅನ್ನುವ ಪದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪತ್ರವನ್ನು ನಾಲ್ಕಾಗಿ ಮಡಿಸಿ, ಅದುರುತ್ತಿದ್ದ ಮೇಜಿನ ಸಂದಿಗೆ, ಸಂಪುಟಗಳ ಮೇಲೆ ತುರುಕಿದರು. ಮೇಜು ಅದುರುವುದು ನಿಂತಿತು.

ಒಂದೆರಡು ಸಲ ಕೆಮ್ಮಿ, ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದು, ಸಾಹೇಬರು ಅದರ ಹಿಂದಿನಿಂದ ಕೇಳಿದರು:

"ಆ ಟ್ರಂಕಿನಲ್ಲಿ ಏನಿತ್ತಂತೆ?"

"ಹೆಂಗಸರ ಹರಟೆ, ನಿಮಗ್ಯಾಕೆ?"

"ಸುಮ್ನೆ ಕೇಳಿದೆ."

"ಹೇಳ್ತೀನಿ. ಮೊದಲು ಜಗಲಿ ಮೇಲಿರೋ ಆ ಎಡಗಡೆಯವರನ್ನ ಒಳಗೆ ಕರ್ಕೊಂಡು ಬನ್ನಿ. ಕತ್ತಲಾಗ್ತಾ ಬಂತು, ಎಷ್ಟು ಹೊತ್ತು ಹೊರಗೆ ಕೂರ್ತಾರೆ. ಹಾಗೇ ಎದುರು ಅಂಗಡಿಯವನಿಗೆ ಹತ್ತು ನಿಮಿಷ ಬಂದು ಹೋಗೋಕೆ ಹೇಳಿ."

ಸಾಹೇಬರು ಕುಂಟುತ್ತ ಹೋದರು. ಬೀದಿಯ ಕಡೆಗೆ ಕೈ ಬೀಸಿ, ಏನೋ ಒಂದು ಮಾತು ಹೇಳಿ, ಬಿಟ್ಟುಹೋದ ಸಭಾಧ್ಯಕ್ಷರನ್ನು ಎರಡೂ ತೋಳಲ್ಲಿ ತಬ್ಬಿ ಒಳಗೆ ತಂದರು. ಹೆಂಡತಿಯ ಎಡಗಡೆಗೆ, ಒಂದು ಸಲ ತಮ್ಮ ಎಡಗೈ ಯಾವುದೆಂದು ನೋಡಿಕೊಂಡು, ಜೋಪಾನವಾಗಿ ಇಳಿಸಿದರು.

"ಈಗ ಹೇಳು. ಏನಿತ್ತು?"

"ಏನೂ ಇರಲಿಲ್ಲ ರೀ," ಅಂದಳು ಅಜ್ಜಿ. "ಖಾಲಿ. ಬೀಗ ಮಾತ್ರ ದೊಡ್ಡದು."